ಪರಿಸರ ಶಿಕ್ಷಣ: ಉದ್ದೇಶ ಮತ್ತು ಮಹತ್ವ

ಅರ್ಥ: ಪರಿಸರದ ಸಮಸ್ಯೆಗಳನ್ನು ಅರಿತು, ಪರಿಹಾರದಲ್ಲಿ ಪಾಲ್ಗೊಳ್ಳುವ ನಾಗರಿಕರನ್ನು ರೂಪಿಸುವ ನಿರಂತರ ಕಲಿಕೆ.

5 ಉದ್ದೇಶಗಳು (1977ರ ಟಿಬಿಲಿಸಿ ಸಮ್ಮೇಳನ): ಅರಿವು, ಜ್ಞಾನ, ಮನೋಭಾವ, ಕೌಶಲ, ಪಾಲ್ಗೊಳ್ಳುವಿಕೆ.

ಮಹತ್ವ: ಸಂಪನ್ಮೂಲಗಳ ಮಿತಬಳಕೆ, ಮಾಲಿನ್ಯ ತಡೆ, ಸುಸ್ಥಿರ ಅಭಿವೃದ್ಧಿ, ಕಾನೂನು ಪಾಲನೆಗೆ ಜನಬೆಂಬಲ.

ಮುಖ್ಯ ಇಸವಿಗಳು
1. 1972: ಸ್ಟಾಕ್‌ಹೋಮ್ ಸಮ್ಮೇಳನ
2. 1975: ಬೆಲ್‌ಗ್ರೇಡ್ ಸನ್ನದು
3. 1977: ಟಿಬಿಲಿಸಿ (ಜಾರ್ಜಿಯಾ), ಯುನೆಸ್ಕೋ–ಯುಎನ್‌ಇಪಿ ಸಮ್ಮೇಳನ
4. 1984: ಪರಿಸರ ಶಿಕ್ಷಣ ಕೇಂದ್ರ, ಅಹಮದಾಬಾದ್
5. 1991: ಎಂ.ಸಿ. ಮೆಹ್ತಾ ಪ್ರಕರಣ; ಪರಿಸರ ಶಿಕ್ಷಣ ಕಡ್ಡಾಯಗೊಳಿಸಲು ಸುಪ್ರೀಂ ಕೋರ್ಟ್ ನಿರ್ದೇಶನ
6. 2005–2014: ಸುಸ್ಥಿರ ಅಭಿವೃದ್ಧಿಗಾಗಿ ಶಿಕ್ಷಣದ ವಿಶ್ವಸಂಸ್ಥೆ ದಶಕ

ಗೊಂದಲ ಬೇಡ
- ಸಂವಿಧಾನದ 48ಎ ವಿಧಿ: ಪರಿಸರ ರಕ್ಷಣೆ ರಾಜ್ಯದ ಹೊಣೆ (ನಿರ್ದೇಶಕ ತತ್ವ). 51ಎ(ಜಿ): ನಾಗರಿಕರ ಮೂಲಭೂತ ಕರ್ತವ್ಯ. ಎರಡೂ ಸೇರಿದ್ದು 42ನೇ ತಿದ್ದುಪಡಿಯಿಂದ (1976).
- ಬೆಲ್‌ಗ್ರೇಡ್‌ನಲ್ಲಿ 6 ಉದ್ದೇಶಗಳು. ‘ಮೌಲ್ಯಮಾಪನ ಸಾಮರ್ಥ್ಯ’ ಹೆಚ್ಚುವರಿ. ಟಿಬಿಲಿಸಿಯಲ್ಲಿ 5.
- ಸರ್ಕಾರಗಳ ಮಟ್ಟದ ಮೊದಲ ಪರಿಸರ ಶಿಕ್ಷಣ ಸಮ್ಮೇಳನ: ಟಿಬಿಲಿಸಿ, ಬೆಲ್‌ಗ್ರೇಡ್ ಅಲ್ಲ.
- ಭೂಮಿ ದಿನ: ಏಪ್ರಿಲ್ 22. ವಿಶ್ವ ಪರಿಸರ ದಿನ: ಜೂನ್ 5.
- ಪರಿಸರ ವಿಜ್ಞಾನ ಪರಿಸರವನ್ನು ಅಧ್ಯಯನ ಮಾಡುವ ಶಾಸ್ತ್ರ. ಪರಿಸರ ಶಿಕ್ಷಣದ ಗುರಿ ನಡವಳಿಕೆಯ ಬದಲಾವಣೆ.