ಲ್ಯಾಪ್‌ಟಾಪ್ ಕೊಳ್ಳುವಾಗ: ಹಳೆ ಮಾಡೆಲ್ಲೋ, ಹೊಸ ಮಾಡೆಲ್ಲೋ?



ನಮ್ಮ ಶಾಲೆಯಲ್ಲಿ ಓದಿ ಹೋದ ಅಕ್ಕ ಅಣ್ಣಂದಿರು ಪಿಯುಸಿ ಮುಗಿಸಿ ಕಾಲೇಜು ಸೇರುತ್ತಿದ್ದಾರೆ. ಕಂಪ್ಯೂಟರ್ ಕೋರ್ಸು ತಗೊಂಡವರಿಗೆ ಲ್ಯಾಪ್‌ಟಾಪ್ ಬೇಕೇ ಬೇಕು. ಅಂಗಡಿಗೆ ಹೋದರೆ ಎರಡು ತೆಗೆದು ಮುಂದೆ ಇಡುತ್ತಾರೆ. ಒಂದು ಹೊಸ ಮಾಡೆಲ್, ಅದಕ್ಕೆ ಬೆಲೆ ಜಾಸ್ತಿ. ಇನ್ನೊಂದು ಹೋದ ವರ್ಷದ ಮಾಡೆಲ್, ಅದಕ್ಕೆ ಡಿಸ್ಕೌಂಟ್. ಯಾವುದನ್ನು ಕೊಳ್ಳಬೇಕು? ಇದನ್ನು ತಿಳಿಯಲು ನಾವು ಏಳನೇ ತರಗತಿಯಲ್ಲಿ ಕಲಿಯುವ ಶೇಕಡಾ ಮತ್ತು ಸರಳ ಬಡ್ಡಿ ಲೆಕ್ಕ ಸಾಕು. ಅದು ಹೇಗೆಂದು ನೋಡೋಣ.

ಹಳೇದು ಅಂದ್ರೆ ಯಾವ ಹಳೇದು?

ಅಂಗಡಿಯಲ್ಲಿ ‘ಹಳೇದು’ ಎಂಬ ಮಾತಿಗೆ ಮೂರು ಅರ್ಥ ಇದೆ.

1. ಹಳೆ ಮಾಡೆಲ್: ಇದು ಯಾರೂ ಬಳಸದ ಹೊಸ ಯಂತ್ರ. ಪೆಟ್ಟಿಗೆಯ ಸೀಲ್ ಕೂಡ ಒಡೆದಿರುವುದಿಲ್ಲ. ಮುಂದಿನ ಮಾಡೆಲ್ ಬಂದಿರುವುದರಿಂದ ಬೆಲೆ ಇಳಿಸಿರುತ್ತಾರೆ.
2. ಡಿಸ್‌ಪ್ಲೇ ಪೀಸ್: ಅಂಗಡಿಯಲ್ಲಿ ಜನರಿಗೆ ತೋರಿಸಲು ಇಟ್ಟದ್ದು. ಎಷ್ಟೋ ದಿನ ಆನ್ ಆಗಿ ನಿಂತಿರುತ್ತದೆ.
3. ಸೆಕೆಂಡ್ ಹ್ಯಾಂಡ್: ಬೇರೆಯವರು ಬಳಸಿ ಮಾರಿದ್ದು.

ಈ ಮೂರೂ ಒಂದೇ ಅಲ್ಲ. ಆದ್ದರಿಂದ ಮೊದಲು ಕೇಳಬೇಕಾದ ಪ್ರಶ್ನೆ, “ಇದು ಈ ಮೂರರಲ್ಲಿ ಯಾವುದು?”

ನಮ್ಮ ಮನೆಯ ಉದಾಹರಣೆ

2024ರಲ್ಲಿ ನಮ್ಮ ಅಕ್ಕ ದಾವಣಗೆರೆಯಲ್ಲಿ ಬಿಸಿಎ ಸೇರಿದಳು. ಅಪ್ಪ ಒಂದು ಹಸು ಮಾರಿ 40,000 ರೂಪಾಯಿ ತೆಗೆದಿಟ್ಟಿದ್ದರು. ಅಂಗಡಿಯಲ್ಲಿ ಒಂದೇ ಕಂಪನಿಯ ಎರಡು ಲ್ಯಾಪ್‌ಟಾಪ್ ತೋರಿಸಿದರು. ಹಳೆ ಮಾಡೆಲ್‌ಗೆ 38,000, ಹೊಸದಕ್ಕೆ 50,000. ಹೊಸದು ಬೇಕೆಂದರೆ ಅವ್ವನ ಸಂಘದಲ್ಲಿ 10,000 ಸಾಲ ತೆಗೆಯಬೇಕು. ಅಕ್ಕನಿಗೆ ಹೊಸದರ ಮೇಲೆ ಆಸೆ ಇತ್ತು, ಯಾಕಂದ್ರೆ ಅವಳ ಜೊತೆಯವರು ಹೊಸದು ತಗೊಂಡಿದ್ರು. ಅಪ್ಪ ಹೇಳಿದ್ದು ಒಂದೇ ಮಾತು: “ಮಾರಕ್ಕೆ ಇನ್ನೊಂದು ಹಸು ಇಲ್ಲಮ್ಮ. ನೋಡಿ ತಗೋ.”

ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಸೋದರಮಾವ ಎರಡರ ವಿವರವನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡರು. ಆಗ ನನಗೆ ಈ ಲೆಕ್ಕ ಬರುತ್ತಿರಲಿಲ್ಲ. ಈ ವರ್ಷ ಆ ಚೀಟಿ ಇಟ್ಟುಕೊಂಡು ನಾನೇ ಲೆಕ್ಕ ಮಾಡಿದೆ.

ನಂಬರ್ ಓದುವುದು ಹೇಗೆ?

ಲ್ಯಾಪ್‌ಟಾಪಿನ ಮಿದುಳಿಗೆ ಪ್ರೊಸೆಸರ್ ಎನ್ನುತ್ತಾರೆ. ಹಳೆ ಮಾಡೆಲ್‌ನಲ್ಲಿ ಇದ್ದದ್ದು ಇಂಟೆಲ್ ಕಂಪನಿಯ ಐ5-1235ಯು. ಹೊಸದರಲ್ಲಿ ಐ5-1335ಯು. ಇಲ್ಲಿ ಮೊದಲ ಎರಡು ಅಂಕಿ ತಲೆಮಾರನ್ನು ಹೇಳುತ್ತವೆ. 12 ಅಂದರೆ 12ನೇ ತಲೆಮಾರು, 2022ರಲ್ಲಿ ಬಂದದ್ದು. 13 ಅಂದರೆ 13ನೇ ತಲೆಮಾರು, 2023ರಲ್ಲಿ ಬಂದದ್ದು. ಕೊನೆಯ ‘ಯು’ ಅಕ್ಷರ, ಕರೆಂಟು ಕಡಿಮೆ ತಿನ್ನುವ ಜಾತಿ ಎಂದು ತಿಳಿಸುತ್ತದೆ.

ಪ್ರೊಸೆಸರ್ ಒಳಗೆ ಕೋರ್‌ಗಳು ಇರುತ್ತವೆ. ಇವು ಹೊಲದ ಆಳುಗಳಿದ್ದ ಹಾಗೆ. ಈ ಎರಡು ಪ್ರೊಸೆಸರ್‌ಗಳಲ್ಲೂ 10 ಕೋರ್ ಇವೆ. ಅದರಲ್ಲಿ 2 ಭಾರದ ಕೆಲಸಕ್ಕೆ, 8 ಹಗುರ ಕೆಲಸಕ್ಕೆ. ಹೆಚ್ಚೆಂದರೆ ಎಷ್ಟು ವೇಗ ಎಂದು ನೋಡಿದರೆ, ಹಳೆಯದು 4.4 ಗಿಗಾಹರ್ಟ್ಸ್, ಹೊಸದು 4.6 ಗಿಗಾಹರ್ಟ್ಸ್. ರ‍್ಯಾಮ್ ಎರಡರಲ್ಲೂ 8 ಜಿಬಿ, ಎಸ್‌ಎಸ್‌ಡಿ ಎರಡರಲ್ಲೂ 512 ಜಿಬಿ. ಹೊಸದು ಸ್ವಲ್ಪ ತೆಳ್ಳಗೆ, ನೋಡಲು ಚೆಂದ ಇತ್ತು.

ಈಗ ಲೆಕ್ಕ

ವೇಗದ ವ್ಯತ್ಯಾಸ = 4.6 – 4.4 = 0.2
ಶೇಕಡಾ = 0.2 × 100 ÷ 4.4 = ಸುಮಾರು 4.5

ಬೆಲೆಯ ವ್ಯತ್ಯಾಸ = 50,000 – 38,000 = 12,000
ಶೇಕಡಾ = 12,000 × 100 ÷ 38,000 = ಸುಮಾರು 31.6

ಅಂದರೆ ನಾಲ್ಕೂವರೆ ಪಾಲು ಹೆಚ್ಚಿನ ವೇಗಕ್ಕೆ ಮೂವತ್ತೊಂದೂವರೆ ಪಾಲು ಹೆಚ್ಚು ದುಡ್ಡು! ಇಷ್ಟೇ ಅಲ್ಲ, ಸಾಲಕ್ಕೆ ಬಡ್ಡಿಯೂ ಇದೆ. ಸಂಘದಲ್ಲಿ ನೂರಕ್ಕೆ ತಿಂಗಳಿಗೆ ಒಂದು ರೂಪಾಯಿ ಬಡ್ಡಿ. 10,000ಕ್ಕೆ ತಿಂಗಳಿಗೆ 100 ರೂಪಾಯಿ. ಎರಡು ವರ್ಷ ಬಿಟ್ಟು ಅಸಲು ಕಟ್ಟಿದರೆ ಬಡ್ಡಿಯೇ 2,400. ಆಗ ಹೊಸದರ ನಿಜವಾದ ಬೆಲೆ 52,400 ಆಗುತ್ತದೆ. ಈ ಬಡ್ಡಿಯನ್ನು ಅಂಗಡಿಯ ಬೆಲೆ ಚೀಟಿಯಲ್ಲಿ ಬರೆದಿರುವುದಿಲ್ಲ. ನಾವೇ ಕೂಡಿಸಿಕೊಳ್ಳಬೇಕು.

ಅಕ್ಕ ಹಳೆ ಮಾಡೆಲ್ಲನ್ನೇ ತಗೊಂಡಳು. ಉಳಿದ 2,000 ಪುಸ್ತಕಕ್ಕೆ ಆಯಿತು. ಸಿ, ಜಾವಾ ಎಲ್ಲಾ ಅದರಲ್ಲೇ ಕಲಿತಳು.

ಕಡಿಮೆ ಬೆಲೆ ಅಂತ ತೀರಾ ಹಳೇದು ಬೇಡ

ಇದನ್ನು ಓದಿ ‘ಹಳೆಯದೇ ಒಳ್ಳೆಯದು’ ಎಂದು ತಿಳಿಯಬೇಡಿ. ಅದೇ ಅಂಗಡಿಯಲ್ಲಿ 15,000ಕ್ಕೆ ಒಂದು ಸೆಕೆಂಡ್ ಹ್ಯಾಂಡ್ ಲ್ಯಾಪ್‌ಟಾಪ್ ಇತ್ತು. ಅದರ ಪ್ರೊಸೆಸರ್ ಐ5-7200ಯು. ಇಲ್ಲಿ ಮೊದಲ ಅಂಕಿ 7, ಆದ್ದರಿಂದ 7ನೇ ತಲೆಮಾರು. (72ನೇ ತಲೆಮಾರು ಅಲ್ಲ! ನಾಲ್ಕು ಅಂಕಿಯ ನಂಬರು 1ರಿಂದ ಶುರುವಾದರೆ ಎರಡು ಅಂಕಿ ಓದಿ, ಇಲ್ಲದಿದ್ದರೆ ಒಂದೇ ಅಂಕಿ ಓದಿ.) ಮಾವ ಅದನ್ನು ಕೈಯಲ್ಲೂ ಮುಟ್ಟಲಿಲ್ಲ. ಯಾಕೆ?

ಕಂಪ್ಯೂಟರ್ ನಡೆಯಲು ವಿಂಡೋಸ್ ಎಂಬ ತಂತ್ರಾಂಶವನ್ನು ಬಹಳ ಜನ ಬಳಸುತ್ತಾರೆ. ವಿಂಡೋಸ್ 11 ಬಂದದ್ದು 2021ರಲ್ಲಿ. ಅದಕ್ಕೆ ಇಂಟೆಲ್‌ನದಾದರೆ 8ನೇ ತಲೆಮಾರು ಅಥವಾ ನಂತರದ್ದು ಬೇಕು. 7ನೆಯದರಲ್ಲಿ ಕೆಲವೇ ಕೆಲವಕ್ಕೆ ಒಪ್ಪಿಗೆ ಇದೆ, ಆ ಪಟ್ಟಿಯಲ್ಲಿ 7200ಯು ಇಲ್ಲ. ವಿಂಡೋಸ್ 10ಕ್ಕೆ ಎಲ್ಲರಿಗೂ ಬರುತ್ತಿದ್ದ ಸುರಕ್ಷತೆಯ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಂತಿತು. ಅಪ್‌ಡೇಟ್ ಇಲ್ಲದ ಕಂಪ್ಯೂಟರ್, ಬಾಗಿಲಿಗೆ ಚಿಲಕ ಇಲ್ಲದ ಮನೆ ಇದ್ದಂತೆ. ಲಿನಕ್ಸ್ ಹಾಕಿಕೊಂಡು ನಡೆಸಬಹುದು, ಆದರೆ ಗೊತ್ತಿದ್ದವರು ಜೊತೆಗಿರಬೇಕು. ಅಕ್ಕನ ಕೋರ್ಸು ಮೂರು ವರ್ಷ. ಒಂದು ವರ್ಷದ ಹಳೆ ಮಾಡೆಲ್ ಬೇರೆ, ಕಾಲ ಮುಗಿಯುತ್ತಾ ಬಂದ ಯಂತ್ರ ಬೇರೆ.

ಹೊಸದನ್ನೇ ಯಾವಾಗ ಕೊಳ್ಳಬೇಕು?

1. ಬೆಲೆಯ ವ್ಯತ್ಯಾಸ ತೀರಾ ಕಡಿಮೆ ಇದ್ದಾಗ.
2. ಹಳೆಯದರಲ್ಲಿ 4 ಜಿಬಿ ರ‍್ಯಾಮ್, ಹೊಸದರಲ್ಲಿ 8 ಅಥವಾ 16 ಜಿಬಿ ಇದ್ದಾಗ. ರ‍್ಯಾಮ್ ನಾವು ಕೂತು ಬರೆಯುವ ಮೇಜಿದ್ದ ಹಾಗೆ. ಮೇಜು ಚಿಕ್ಕದಾದರೆ ಒಂದು ಪುಸ್ತಕ ಮುಚ್ಚಿ ಇನ್ನೊಂದು ತೆಗೆಯಬೇಕು. ಕೆಲವು ಲ್ಯಾಪ್‌ಟಾಪ್‌ಗಳಲ್ಲಿ ರ‍್ಯಾಮನ್ನು ಬೋರ್ಡಿಗೇ ಬೆಸೆದಿರುತ್ತಾರೆ, ಆಮೇಲೆ ಹೆಚ್ಚಿಸಲು ಬರುವುದಿಲ್ಲ.
3. ಹಳೆಯದರಲ್ಲಿ ತಿರುಗುವ ಹಾರ್ಡ್ ಡಿಸ್ಕ್, ಹೊಸದರಲ್ಲಿ ಎಸ್‌ಎಸ್‌ಡಿ ಇದ್ದಾಗ. ಎಸ್‌ಎಸ್‌ಡಿಯಲ್ಲಿ ತಿರುಗುವ ಭಾಗವೇ ಇಲ್ಲ, ಆದ್ದರಿಂದ ಬೇಗ ಓದುತ್ತದೆ.

ದುಡ್ಡು ಕೊಡುವ ಮುಂಚೆ

• ಪೆಟ್ಟಿಗೆಯ ಸೀಲ್ ನೋಡಿ. ತಯಾರಾದ ತಿಂಗಳು, ವರ್ಷ ಓದಿ. ಲಿಥಿಯಂ ಬ್ಯಾಟರಿ ಬಳಸದೆ ಇಟ್ಟರೂ ನಿಧಾನವಾಗಿ ಶಕ್ತಿ ಕಳೆದುಕೊಳ್ಳುತ್ತದೆ.
• ಬಿಲ್ ಕೇಳಿ. ವಾರಂಟಿ ಬಿಲ್ಲಿನ ದಿನದಿಂದ ಶುರುವೇ ಎಂದು ಬರೆಸಿಕೊಳ್ಳಿ.
• ‘ಐ5’ ಎಂದಷ್ಟೇ ಹೇಳಿದರೆ ಸಾಲದು. ಪೂರ್ತಿ ನಂಬರ್ ಕೇಳಿ. 7200ಯು ಕೂಡ ಐ5, 1335ಯು ಕೂಡ ಐ5!

ಗೆಳೆಯರೇ, ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದು ಹಿರಿಯರು ಹೇಳಿದ್ದಾರೆ. ಹಾಸಿಗೆ ಎಷ್ಟಿದೆ ಎಂದು ಅಳೆಯಲು ಲೆಕ್ಕ ಬರಬೇಕು. ಈ ಕೆಳಗಿನ ಪ್ರಶ್ನೆಗಳನ್ನು ನಿಮ್ಮ ನೋಟ್ಸ್‌ನಲ್ಲಿ ಮಾಡಿ ನೋಡಿ. ಉತ್ತರ ಮುಂದಿನ ಸಂಚಿಕೆಯಲ್ಲಿ.

ಅಭ್ಯಾಸ

1. ಐ5-8250ಯು ಎಷ್ಟನೇ ತಲೆಮಾರು? ಐ3-1115 ಎಷ್ಟನೆಯದು?
2. ಹಳೆ ಮಾಡೆಲ್ 40,000, ರ‍್ಯಾಮ್ 8 ಜಿಬಿ. ಹೊಸದು 42,000, ರ‍್ಯಾಮ್ 16 ಜಿಬಿ. ಬೆಲೆ ಶೇಕಡಾ ಎಷ್ಟು ಹೆಚ್ಚು? ನೀವು ಯಾವುದನ್ನು ಆರಿಸುತ್ತೀರಿ, ಯಾಕೆ?
3. 6,000 ರೂಪಾಯಿ ಸಾಲಕ್ಕೆ ನೂರಕ್ಕೆ ತಿಂಗಳಿಗೆ 1 ರೂಪಾಯಿಯಂತೆ 18 ತಿಂಗಳ ಬಡ್ಡಿ ಎಷ್ಟು?