ಬಾಲಚುಕ್ಕೆಯನ್ನು ಕಂಡ ರೈತನು

ಬಾಲಚುಕ್ಕೆಯು ತೋರಿದರೆ ಅರಸನು ಸಾಯುವನು, ಬರವೂ ರೋಗವೂ ಬರುವವು ಎಂದು ಪೂರ್ವಕಾಲದ ಜನರು ಅನೇಕ ದೇಶಗಳಲ್ಲಿ ಭಯಪಡುತ್ತಿದ್ದರು. ಅದು ಯಾವಾಗ ಬರುವದೆಂದು ಯಾರೂ ಅರಿಯದೆ ಇದ್ದದ್ದು ಈ ಭಯಕ್ಕೆ ಒಂದು ಕಾರಣವಾಗಿತ್ತು.

ಇಂಗ್ಲೆಂಡ್ ದೇಶದ ಎಡ್ಮಂಡ್ ಹ್ಯಾಲಿ ಎಂಬ ಪಂಡಿತನು 1682ರಲ್ಲಿ ಒಂದು ಬಾಲಚುಕ್ಕೆಯನ್ನು ನೋಡಿದನು. ಆ ಮೇಲೆ ಹಳೇ ಬರಹಗಳನ್ನು ಶೋಧಿಸಿ, 1531ರಲ್ಲಿಯೂ 1607ರಲ್ಲಿಯೂ ಕಾಣಿಸಿದವುಗಳು ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದವೆಂದು ಲೆಕ್ಕದಿಂದ ಕಂಡುಕೊಂಡನು. ಹಾಗಾದರೆ ಇವು ಮೂರಲ್ಲ, ಒಂದೇ; ಅದು ಸುಮಾರು 76 ವರುಷಗಳಿಗೊಮ್ಮೆ ಸೂರ್ಯನನ್ನು ಸುತ್ತಿ ಬರುವದು; 1758ರಲ್ಲಿ ತಿರಿಗಿ ತೋರುವದು ಎಂದು 1705ರಲ್ಲಿ ಪ್ರಕಟಿಸಿದನು. ಆದರೆ ಅದನ್ನು ನೋಡುವದಕ್ಕೆ ಅವನು ಉಳಿಯಲಿಲ್ಲ, 1742ರಲ್ಲಿ ತೀರಿಹೋದನು.

ಹೇಳಿದ ವರುಷವು ಮುಗಿಯುತ್ತಾ ಬಂತು. ಡಿಸೆಂಬರ್ 25ರ ಕ್ರಿಸ್ಮಸ್ ರಾತ್ರಿಯಲ್ಲಿ ಜರ್ಮನಿಯ ಡ್ರೆಸ್ಡನ್ ಪಟ್ಟಣದ ಬಳಿಯಲ್ಲಿ ಯೋಹಾನ್ ಪಾಲಿಚ್ ಎಂಬವನು ಅದನ್ನು ಮೊದಲು ಕಂಡನು. ಅವನು ದೊಡ್ಡ ಶಾಲೆಯ ಪಂಡಿತನಲ್ಲ, ಬೇಸಾಯದಿಂದ ಜೀವಿಸುತ್ತಿದ್ದ ರೈತನು. ಸ್ವಂತ ಪ್ರಯಾಸದಿಂದ ಓದಿ ಆಕಾಶವನ್ನು ಅರಿತವನು.

ಅದೇ ಚುಕ್ಕೆಯು 1910ರಲ್ಲಿಯೂ 1986ರಲ್ಲಿಯೂ ಬಂದುಹೋಯಿತು. 2061ರಲ್ಲಿ ಪುನಃ ಬರುವದು. ಆಗ ನಮ್ಮ ಮಕ್ಕಳು ಹೆದರಿ ಬಾಗಲು ಮುಚ್ಚಿಕೊಳ್ಳದೆ ಅಂಗಳಕ್ಕೆ ಬಂದು ತಲೆಯೆತ್ತಿ ನೋಡುವಂತೆ ನಾವು ಇಂದೇ ಅವರಿಗೆ ಕಲಿಸೋಣ.