ಏಪ್ರಿಲ್‌ನಲ್ಲಿ ಮುಪ್ಪಾಗುವ ಕಂಪ್ಯೂಟರು

ಏಪ್ರಿಲ್ ಕಾಲಿಡುತ್ತಿದ್ದಂತೆ ಕಂಪ್ಯೂಟರ್ ರಿಪೇರಿ ಅಂಗಡಿಗಳಲ್ಲಿ ಒಂದೇ ದೂರು ಮತ್ತೆ ಮತ್ತೆ ಕೇಳಿಬರುತ್ತದೆ: ‘ಸಿಸ್ಟಮ್ ತುಂಬಾ ಸ್ಲೋ ಆಗಿದೆ, ಹೊಸದೇ ತಗೊಂಡುಬಿಡೋದು ವಾಸಿನಾ?’ ಅದೇ ಯಂತ್ರ ಡಿಸೆಂಬರ್‌ನಲ್ಲಿ ತಕ್ಕಮಟ್ಟಿಗೆ ಕೆಲಸ ಮಾಡಿಕೊಂಡಿತ್ತು. ನಾಲ್ಕು ತಿಂಗಳಲ್ಲಿ ಯಾವ ಕಂಪ್ಯೂಟರಿಗೂ ಅಷ್ಟು ವಯಸ್ಸಾಗುವುದಿಲ್ಲ. ಸಿಲಿಕಾನ್ ಚಿಪ್ ಒಂದೋ ಕೆಲಸ ಮಾಡುತ್ತದೆ, ಇಲ್ಲವೇ ಕೆಡುತ್ತದೆ. ಮಂಡಿನೋವು ಬಂದ ಹಾಗೆ ವರ್ಷದಿಂದ ವರ್ಷಕ್ಕೆ ನಿಧಾನವಾಗುವ ಗುಣ ಅದಕ್ಕಿಲ್ಲ. ಬೇಸಿಗೆ ರಜೆಯನ್ನು ಹಳೆಯ ಯಂತ್ರಗಳನ್ನು ಬಿಚ್ಚಿ ಜೋಡಿಸುವುದರಲ್ಲೇ ಕಳೆಯುವ ನನ್ನಂಥ ಹವ್ಯಾಸಿಗೆ ಇದರಿಂದ ದಕ್ಕಿದ ತಿಳಿವಳಿಕೆ ಇಷ್ಟು: ಕಂಪ್ಯೂಟರ್ ನಿಧಾನವಾದಾಗ ವಯಸ್ಸನ್ನು ದೂರುವುದು ಕಟ್ಟಕಡೆಗೆ. ಅದಕ್ಕೂ ಮೊದಲು ನೋಡಬೇಕಾದವು ಬಿಸಿ, ದೂಳು ಮತ್ತು ಒಳಗೆ ಇನ್ನೂ ತಿರುಗುತ್ತಿರುವ ಹಾರ್ಡ್ ಡಿಸ್ಕ್. ಈ ಮೂರಕ್ಕೂ ಪರಿಹಾರವಿದೆ, ಮೂರೂ ಹೊಸ ಲ್ಯಾಪ್‌ಟಾಪಿನ ಬೆಲೆಯ ಸಣ್ಣದೊಂದು ಪಾಲಿನಲ್ಲಿ ಮುಗಿಯುವಂಥವು.

ಬಿಸಿಯ ಲೆಕ್ಕ ಸರಳ. ಫ್ಯಾನು ಗಾಳಿ ಬೀಸಿ ತಂಪು ಮಾಡುವ ಯಾವ ವಸ್ತುವೂ ಕೋಣೆಯ ಗಾಳಿಗಿಂತ ತಣ್ಣಗಾಗಲಾರದು. ಪ್ರೊಸೆಸರ್ ಪೂರ್ತಿ ದುಡಿಯುವಾಗ ಸುತ್ತಲಿನ ಗಾಳಿಗಿಂತ 60 ಡಿಗ್ರಿ ಹೆಚ್ಚು ಬಿಸಿಯಾಗುತ್ತದೆ ಎಂದುಕೊಳ್ಳಿ. ಚಳಿಗಾಲದಲ್ಲಿ ಕೋಣೆ 24 ಡಿಗ್ರಿ ಇದ್ದರೆ ಅದು 84ಕ್ಕೆ ನಿಲ್ಲುತ್ತದೆ. ಕಲಬುರಗಿಯಲ್ಲೋ ರಾಯಚೂರಿನಲ್ಲೋ ಮೇ ತಿಂಗಳ ಮಧ್ಯಾಹ್ನ ಕೋಣೆಯೇ 40 ಡಿಗ್ರಿ ಮುಟ್ಟಿದರೆ ಅದೇ ಪ್ರೊಸೆಸರ್ 100 ತಲುಪುತ್ತದೆ. ಲ್ಯಾಪ್‌ಟಾಪುಗಳಲ್ಲಿ ಬಳಸುವ ಅನೇಕ ಇಂಟೆಲ್ ಪ್ರೊಸೆಸರ್‌ಗಳಿಗೆ ಕಂಪನಿ ಹಾಕಿಕೊಟ್ಟ ಗಡಿ ಈ 100 ಡಿಗ್ರಿಯೇ. ಅಲ್ಲಿಗೆ ಬಂದ ಕೂಡಲೇ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ವೇಗವನ್ನು ತಾನೇ ಇಳಿಸುತ್ತದೆ. ಯಾರಿಗೂ ಸೂಚನೆ ಬರುವುದಿಲ್ಲ, ಪರದೆಯ ಮೇಲೆ ಎಚ್ಚರಿಕೆ ಕಾಣಿಸುವುದಿಲ್ಲ. ಫ್ಯಾನು ಭೋರ್ಗರೆಯುತ್ತಿರುತ್ತದೆ, ಮೌಸ್ ತಡವರಿಸುತ್ತದೆ, ಅಷ್ಟೇ. ನಂಬಿಕೆ ಬಾರದವರು ಉಷ್ಣತೆಯನ್ನೂ ಪ್ರೊಸೆಸರ್ ವೇಗವನ್ನೂ ಅಕ್ಕಪಕ್ಕ ತೋರಿಸುವ ಯಾವುದಾದರೂ ಉಚಿತ ತಂತ್ರಾಂಶ ಹಾಕಿಕೊಂಡು ಬೆಳಗಿನ ಆರಕ್ಕೊಮ್ಮೆ, ಮಧ್ಯಾಹ್ನದ ಮೂರಕ್ಕೊಮ್ಮೆ ಒಂದೇ ಕೆಲಸ ಮಾಡಿಸಿ ನೋಡಬಹುದು. ಉಷ್ಣತೆ ಗಡಿಗೆ ಅಂಟಿಕೊಂಡು ವೇಗ ಕುಸಿದರೆ ರೋಗ ಯಾವುದೆಂದು ಗೊತ್ತಾದಂತೆ. ಇದಕ್ಕಿಂತ ಅಗ್ಗದ ಪರೀಕ್ಷೆ ಇನ್ನೊಂದಿಲ್ಲ. ಆದರೂ ಹೊಸ ಕಂಪ್ಯೂಟರ್ ಕೊಳ್ಳುವ ಮುನ್ನ ಇದನ್ನು ಮಾಡಿ ನೋಡುವವರು ಅಪರೂಪ.

ಆ 60 ಡಿಗ್ರಿ ಅಂತರವೂ ಸ್ಥಿರವಲ್ಲ, ದೂಳು ಅದನ್ನು ಏರಿಸುತ್ತಾ ಹೋಗುತ್ತದೆ. ನಾಲ್ಕೈದು ವರ್ಷ ಬಳಸಿದ ಲ್ಯಾಪ್‌ಟಾಪಿನ ತಳ ಬಿಚ್ಚಿದರೆ ಪ್ರೊಸೆಸರ್ ಮೇಲೆ ಕೂತ ತಾಮ್ರದ ಚಪ್ಪಟೆ ಕೊಳವೆ ಕಾಣುತ್ತದೆ. ಅದು ಒಂದು ಅಂಚಿನಲ್ಲಿರುವ ತೆಳು ರೆಕ್ಕೆಗಳ ಸಾಲಿಗೆ ಶಾಖವನ್ನು ಒಯ್ಯುತ್ತದೆ. ಫ್ಯಾನು ಆ ರೆಕ್ಕೆಗಳ ಸಂದಿಯಿಂದ ಗಾಳಿಯನ್ನು ಹೊರದಬ್ಬುತ್ತದೆ. ಹೊರಗಿನ ಜಾಲರಿ ನೋಡಿದರೆ ಎಲ್ಲ ಸ್ವಚ್ಛ. ಫ್ಯಾನಿನ ಮುಚ್ಚಳ ತೆಗೆದಾಗಲೇ ನಿಜ ತಿಳಿಯುವುದು: ಫ್ಯಾನಿಗೂ ರೆಕ್ಕೆಗಳಿಗೂ ನಡುವೆ ಬೂದುಬಣ್ಣದ ದೂಳು, ಕೂದಲು, ಬಟ್ಟೆಯ ಎಳೆ ಎಲ್ಲ ಸೇರಿ ಕಂಬಳಿಯ ಪಟ್ಟಿಯಂತೆ ಒತ್ತಿಕೊಂಡಿರುತ್ತದೆ. ಬೆರಳಲ್ಲಿ ಹಿಡಿದರೆ ಇಡಿಯಾಗಿ ಎದ್ದು ಬರುತ್ತದೆ. ಹೊರಗಿನಿಂದ ಬ್ಲೋವರ್ ಹಿಡಿದರೆ ಇದು ಹೋಗುವುದಿಲ್ಲ, ಒಳಕ್ಕೆ ಸರಿದು ಇನ್ನಷ್ಟು ಬಿಗಿಯಾಗುತ್ತದೆ. ಬಿಚ್ಚಿಯೇ ತೆಗೆಯಬೇಕು, ತೆಗೆಯುವಾಗ ಬ್ಯಾಟರಿಯ ಸಂಪರ್ಕ ಕಳಚಿರಬೇಕು, ಗಾಳಿ ಹೊಡೆಯುವುದಿದ್ದರೆ ಫ್ಯಾನು ಗಿರ್ರನೆ ತಿರುಗದಂತೆ ಬೆರಳಿನಿಂದ ತಡೆದಿರಬೇಕು. ಹೇಗೂ ಬಿಚ್ಚಿದ್ದಾಯಿತು ಎಂದರೆ ಥರ್ಮಲ್ ಪೇಸ್ಟನ್ನೂ ಬದಲಿಸುವುದು ಒಳ್ಳೆಯದು. ಪ್ರೊಸೆಸರ್ ಮೇಲ್ಮೈಗೂ ತಾಮ್ರಕ್ಕೂ ಮಧ್ಯೆ ಕಣ್ಣಿಗೆ ಕಾಣದ ಸಂದುಗಳಿರುತ್ತವೆ. ಅಲ್ಲಿ ಗಾಳಿ ಉಳಿದರೆ ಶಾಖ ದಾಟುವುದಿಲ್ಲ; ಸಾಧಾರಣ ಪೇಸ್ಟ್ ಕೂಡ ಗಾಳಿಗಿಂತ ನೂರು ಪಟ್ಟಿಗೂ ಮಿಕ್ಕಿ ಚೆನ್ನಾಗಿ ಶಾಖವನ್ನು ದಾಟಿಸುತ್ತದೆ. ವರ್ಷಗಳಾದ ಮೇಲೆ ಅದು ಒಣಗಿ ಬಿರುಕು ಬಿಡುತ್ತದೆ. ಐಸೊಪ್ರೊಪೈಲ್ ಆಲ್ಕೋಹಾಲ್ ಅದ್ದಿದ ಬಟ್ಟೆಯಿಂದ ಹಳೆಯದನ್ನು ಒರೆಸಿ, ಚೂರೇ ಚೂರು ಹೊಸದನ್ನು ಹಚ್ಚಿದರೆ ಸಾಕು. ಜಾಸ್ತಿ ಹಚ್ಚಿದಷ್ಟೂ ತಂಪು ಎಂಬುದು ತಪ್ಪು ಕಲ್ಪನೆ.

ಹಾಗಂತ ಎಲ್ಲವನ್ನೂ ಬಿಸಿಲಿನ ತಲೆಗೆ ಕಟ್ಟಿದರೆ ಅದೂ ಸರಿಯಲ್ಲ. 2007ರಲ್ಲಿ ಗೂಗಲ್‌ನ ಸಂಶೋಧಕರು ಒಂದು ಲಕ್ಷಕ್ಕೂ ಹೆಚ್ಚು ಹಾರ್ಡ್ ಡಿಸ್ಕ್‌ಗಳ ದಾಖಲೆಗಳನ್ನು ಪರಿಶೀಲಿಸಿ ಪ್ರಕಟಿಸಿದ ಅಧ್ಯಯನವೊಂದಿದೆ. ಎಲ್ಲರೂ ಅಂದುಕೊಂಡಿದ್ದಷ್ಟು ಗಟ್ಟಿ ನಂಟು ಉಷ್ಣತೆಗೂ ಡಿಸ್ಕ್ ಕೆಡುವುದಕ್ಕೂ ಅದರಲ್ಲಿ ಕಾಣಲಿಲ್ಲ. ತೀರಾ ಹೆಚ್ಚಿನ ಉಷ್ಣತೆಯಲ್ಲಿ, ಹಳೆಯ ಡಿಸ್ಕ್‌ಗಳಲ್ಲಿ ಮಾತ್ರ ಪರಿಣಾಮ ಎದ್ದು ಕಂಡಿತು. ಹಾರ್ಡ್ ಡಿಸ್ಕಿನ ನಿಧಾನಕ್ಕೆ ಕಾರಣ ಬೇರೆ, ಅದರ ರಚನೆಯೇ ಹಾಗೆ. ಹಳೆಯ ಲ್ಯಾಪ್‌ಟಾಪುಗಳ ಡಿಸ್ಕ್ ಸಾಮಾನ್ಯವಾಗಿ ನಿಮಿಷಕ್ಕೆ 5,400 ಸುತ್ತು, ಅಂದರೆ ಸೆಕೆಂಡಿಗೆ 90 ಸುತ್ತು ತಿರುಗುತ್ತದೆ. ಬೇಕಾದ ಮಾಹಿತಿ ಅದನ್ನು ಓದುವ ಸೂಜಿಯ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು ಕಾಯಬೇಕು, ಸೂಜಿ ಸರಿಯಾದ ಜಾಡಿಗೆ ಸರಿಯುವ ಹೊತ್ತು ಬೇರೆ. ಎಲ್ಲ ಕೂಡಿಸಿದರೆ ಅಲ್ಲಲ್ಲಿ ಚದುರಿದ ಮಾಹಿತಿಯನ್ನು ಸೆಕೆಂಡಿಗೆ ನೂರು ಬಾರಿ ಹೆಕ್ಕುವುದೂ ಅದಕ್ಕೆ ಕಷ್ಟ. ಸಾಧಾರಣ ಎಸ್‌ಎಸ್‌ಡಿ ಅದೇ ಕೆಲಸವನ್ನು ಸಾವಿರಾರು ಬಾರಿ ಮಾಡುತ್ತದೆ, ಏಕೆಂದರೆ ಅದರಲ್ಲಿ ತಿರುಗುವುದು, ಸರಿಯುವುದು ಏನೂ ಇಲ್ಲ. ಬೇಸಿಗೆಯಲ್ಲಿ ಈ ವ್ಯತ್ಯಾಸ ಹೆಚ್ಚು ನೋಯಿಸುವುದಕ್ಕೆ ಕರೆಂಟು ಕಾರಣ. ಯುಪಿಎಸ್ ಇಲ್ಲದ ಕಂಪ್ಯೂಟರು ನಡುವೆ ಧಡಕ್ಕನೆ ಆರಿಹೋಗಿ ಮತ್ತೆ ಹೊತ್ತಿಕೊಂಡಾಗ ಡಿಸ್ಕ್ ಪರೀಕ್ಷೆ, ಅರ್ಧಕ್ಕೆ ನಿಂತ ಅಪ್‌ಡೇಟು, ವೈರಸ್ ಸ್ಕ್ಯಾನ್ ಎಲ್ಲವೂ ಒಮ್ಮೆಲೇ ಆ ಬಡಪಾಯಿ ಸೂಜಿಯ ಮೇಲೆ ಬೀಳುತ್ತವೆ. ಹಾರ್ಡ್ ಡಿಸ್ಕ್ ತೆಗೆದು ಅದೇ ಜಾಗದಲ್ಲಿ ಎರಡೂವರೆ ಇಂಚಿನ ಎಸ್‌ಎಸ್‌ಡಿ ಕೂರಿಸುವುದಕ್ಕಿಂತ ದೊಡ್ಡ ಬದಲಾವಣೆ ತರುವ ಇನ್ನೊಂದು ರಿಪೇರಿಯನ್ನು ನಾನು ಕಂಡಿಲ್ಲ.

ಇಷ್ಟೆಲ್ಲ ಮಾಡಿದರೂ ಹತ್ತು ವರ್ಷದ ಹಿಂದಿನ ಪ್ರೊಸೆಸರ್ ಇಂದಿನ ಕೆಲಸಕ್ಕೆ ಸಾಲುವುದೇ ಎಂಬ ಪ್ರಶ್ನೆ ನ್ಯಾಯವಾದದ್ದು. ಒಂದು ಕಾಲಕ್ಕೆ ಸಾಲುತ್ತಿರಲಿಲ್ಲ. 1994ರ ಪೆಂಟಿಯಂ 100 ಮೆಗಾಹರ್ಟ್ಸ್ ವೇಗದಲ್ಲಿತ್ತು. 2004ರ ಪೆಂಟಿಯಂ 4 ಅದನ್ನು 3.8 ಗಿಗಾಹರ್ಟ್ಸ್‌ಗೆ ಒಯ್ದಿತು, ಹತ್ತೇ ವರ್ಷದಲ್ಲಿ 38 ಪಟ್ಟು. ಟ್ರಾನ್ಸಿಸ್ಟರ್ ಕಿರಿದಾದಂತೆ ಅದರ ವಿದ್ಯುತ್ ಬೇಡಿಕೆಯೂ ಅದೇ ಪ್ರಮಾಣದಲ್ಲಿ ಇಳಿಯುತ್ತದೆ ಎಂದು ಐಬಿಎಂನ ರಾಬರ್ಟ್ ಡೆನಾರ್ಡ್ 1974ರಲ್ಲಿ ಸಹೋದ್ಯೋಗಿಗಳೊಡನೆ ತೋರಿಸಿಕೊಟ್ಟಿದ್ದ ನಿಯಮವೇ ಆ ಓಟಕ್ಕೆ ಬೆನ್ನೆಲುಬು. 2005ರ ಸುಮಾರಿಗೆ ಆ ನಿಯಮ ಕೈಕೊಟ್ಟಿತು. ಟ್ರಾನ್ಸಿಸ್ಟರ್‌ಗಳು ಕಿರಿದಾದರೂ ವಿದ್ಯುತ್ ಸೋರಿಕೆ ಇಳಿಯಲಿಲ್ಲ, ಶಾಖ ಹೊರಹಾಕಲು ದಾರಿ ಉಳಿಯಲಿಲ್ಲ. ಅಲ್ಲಿಂದ ಇಪ್ಪತ್ತು ವರ್ಷಗಳಲ್ಲಿ ಗಡಿಯಾರದ ವೇಗ ದುಪ್ಪಟ್ಟೂ ಆಗಿಲ್ಲ. ಕೋರ್‌ಗಳು ಹೆಚ್ಚಿವೆ, ಒಂದೊಂದು ಬಡಿತಕ್ಕೆ ಆಗುವ ಕೆಲಸವೂ ಹೆಚ್ಚಿದೆ. ವಿಡಿಯೊ ಎಡಿಟ್ ಮಾಡುವವರಿಗೆ, ದೊಡ್ಡ ಆಟ ಆಡುವವರಿಗೆ ಅದರ ಲಾಭ ಖಂಡಿತ ಇದೆ. ಆದರೆ ಪತ್ರ ಬರೆಯುವವರು, ಲೆಕ್ಕ ಇಡುವವರು, ಆನ್‌ಲೈನ್ ಪಾಠ ಕೇಳುವ ಮಕ್ಕಳು, ಸೇವಾ ಸಿಂಧು ಪೋರ್ಟಲ್‌ನಲ್ಲಿ ಅರ್ಜಿ ತುಂಬುವವರು ಇವರಿಗೆಲ್ಲ 2014ರ ಯಂತ್ರಕ್ಕೂ ಇಂದಿನದಕ್ಕೂ ಇರುವ ದೂರ ಜಾಹೀರಾತಿನಲ್ಲಿ ಕಾಣುವಷ್ಟಿಲ್ಲ. ಚಿಪ್ ಉದ್ಯಮವನ್ನೇ ತಡೆದು ನಿಲ್ಲಿಸಿದ ಬಿಸಿ ನಮ್ಮ ಹಳೆಯ ಕಂಪ್ಯೂಟರುಗಳ ಆಯುಷ್ಯವನ್ನು ಹೆಚ್ಚಿಸಿದೆ ಎಂಬುದು ನನಗೆ ಈಗಲೂ ಸೋಜಿಗ.

ಹಳೆಯ ಯಂತ್ರ ಕರೆಂಟು ಕುಡಿಯುತ್ತದೆ ಎಂಬ ಆಕ್ಷೇಪವನ್ನು ಅರ್ಧ ಒಪ್ಪುತ್ತೇನೆ. 100 ವ್ಯಾಟ್ ಎಳೆಯುವ ಹಳೆಯ ಡೆಸ್ಕ್‌ಟಾಪು ದಿನಕ್ಕೆ ಆರು ಗಂಟೆ ನಡೆದರೆ ತಿಂಗಳಿಗೆ 18 ಯೂನಿಟ್. ಅದೇ ಕೆಲಸವನ್ನು 20 ವ್ಯಾಟಿನ ಲ್ಯಾಪ್‌ಟಾಪು ನಾಲ್ಕು ಯೂನಿಟ್‌ನೊಳಗೆ ಮುಗಿಸುತ್ತದೆ. ಮೇಲಾಗಿ ಆ 100 ವ್ಯಾಟ್ ಅಷ್ಟೂ ಶಾಖವಾಗಿ ಬೇಸಿಗೆಯ ಕೋಣೆಗೇ ಸೇರುತ್ತದೆ. ಪೆಂಟಿಯಂ 4 ಕಾಲದ ಡೆಸ್ಕ್‌ಟಾಪನ್ನು ಮಮತೆಯಿಂದ ಇಟ್ಟುಕೊಂಡವರಿಗೆ ಬಿಟ್ಟುಬಿಡಿ ಎಂದೇ ಹೇಳುತ್ತೇನೆ. ಹಳೆಯ ಲ್ಯಾಪ್‌ಟಾಪಿನ ವಿಷಯದಲ್ಲಿ ಈ ವಾದ ನಿಲ್ಲುವುದಿಲ್ಲ, ಅದು ಮೊದಲಿನಿಂದಲೂ ಮಿತವ್ಯಯಿ. ಲ್ಯಾಪ್‌ಟಾಪೊಂದು ತನ್ನ ಆಯುಷ್ಯದಲ್ಲಿ ಹೊರಹಾಕುವ ಇಂಗಾಲದಲ್ಲಿ ದೊಡ್ಡ ಪಾಲು ಬಳಕೆಗೆ ಮೊದಲೇ, ಕಾರ್ಖಾನೆಯಲ್ಲೇ ಆಗಿಹೋಗಿರುತ್ತದೆ ಎಂದು ಆ್ಯಪಲ್‌ನಂಥ ತಯಾರಕರ ಪರಿಸರ ವರದಿಗಳೇ ಹೇಳುತ್ತವೆ. 2022ರಲ್ಲಿ ಜಗತ್ತು 6.2 ಕೋಟಿ ಟನ್ ಇ-ತ್ಯಾಜ್ಯ ಹುಟ್ಟುಹಾಕಿತು, ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಗೆ ಹೋದದ್ದು ಶೇಕಡಾ 22.3 ಎಂದು ವಿಶ್ವಸಂಸ್ಥೆಯ ಸಂಸ್ಥೆಗಳ ವರದಿ ಲೆಕ್ಕ ಕೊಟ್ಟಿದೆ. ‘ಹಳೆಯದನ್ನು ಗುಜರಿಗೆ ಹಾಕಿದರಾಯಿತು’ ಎನ್ನುವಾಗ ಉಳಿದ ಮುಕ್ಕಾಲು ಪಾಲು ಎಲ್ಲಿ ಹೋಯಿತೆಂದು ಕೇಳಿಕೊಳ್ಳಬೇಕು.

ಇದಕ್ಕಿಂತ ತೂಕದ ಆಕ್ಷೇಪ ಸುರಕ್ಷತೆಯದು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಸೌಲಭ್ಯ ಬೇಕು, ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೇ ತಲೆಮಾರಿನ ಪ್ರೊಸೆಸರ್ ಬೇಕು. 2017ಕ್ಕಿಂತ ಹಿಂದಿನ ಯಂತ್ರಗಳು, ಎಷ್ಟೇ ಗಟ್ಟಿಮುಟ್ಟಾಗಿದ್ದರೂ, ಆ ಸಾಲಿನಿಂದ ಹೊರಗೆ. ಸುರಕ್ಷತಾ ತೇಪೆ ಬಾರದ ಕಾರ್ಯಾಚರಣೆ ವ್ಯವಸ್ಥೆಯಲ್ಲಿ ಬ್ಯಾಂಕ್ ವ್ಯವಹಾರ ಮಾಡಬೇಡಿ ಎಂಬ ಮಾತು ಸರಿಯೇ. ಅದರಿಂದ ಯಂತ್ರವನ್ನೇ ಬದಲಿಸಬೇಕು ಎಂಬ ತೀರ್ಮಾನ ಬರುವುದಿಲ್ಲ, ವ್ಯವಸ್ಥೆಯನ್ನು ಬದಲಿಸಬಹುದು. ಉಬುಂಟು, ಲಿನಕ್ಸ್ ಮಿಂಟ್‌ನಂಥ ಲಿನಕ್ಸ್ ವ್ಯವಸ್ಥೆಗಳು ಇಂಥ ಯಂತ್ರಗಳಲ್ಲಿ ಚೆನ್ನಾಗಿ ನಡೆಯುತ್ತವೆ, ನಿಯಮಿತವಾಗಿ ತೇಪೆಗಳನ್ನೂ ಪಡೆಯುತ್ತವೆ, ಕಾಸು ಕೇಳುವುದಿಲ್ಲ. ಕನ್ನಡ ಬರೆಯುವವರಿಗೆ ಮೊದಲು ಹುಟ್ಟುವ ಅಳುಕು ‘ನುಡಿ’ ತಂತ್ರಾಂಶದ್ದು. ಬೆರಳಿಗೆ ರೂಢಿಯಾದ ಕೆ.ಪಿ. ರಾವ್ ವಿನ್ಯಾಸದ ಕೀಲಿಮಣೆ ಲಿನಕ್ಸ್‌ನಲ್ಲಿ ‘ಕಗಪ’ ಹೆಸರಿನಲ್ಲಿ ಮೊದಲೇ ಸೇರಿಕೊಂಡಿದೆ. ಸೆಟ್ಟಿಂಗ್ಸ್‌ನಲ್ಲಿ ಆರಿಸಿಕೊಂಡರೆ ಯೂನಿಕೋಡ್ ಕನ್ನಡ ನೇರವಾಗಿ ಮೂಡುತ್ತದೆ. ನಿಜವಾದ ತೊಡಕು ಹಳೆಯ ಕಡತಗಳದ್ದು. ನುಡಿಯ ಆಸ್ಕಿ ಅಕ್ಷರಗಳಲ್ಲಿ ಬೆರಳಚ್ಚಾದ ಕಡತವನ್ನು ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಮತ್ತು ಚಿಹ್ನೆಗಳ ರಾಶಿ ಕಾಣುತ್ತದೆ. ಪರಿವರ್ತಕಗಳಿವೆ, ಅರ್ಕಾವತ್ತು ಇರುವ ಕಡೆ, ಒತ್ತಕ್ಷರ ಕೂಡುವ ಕಡೆ ತಪ್ಪು ನುಸುಳುವುದರಿಂದ ಕರಡು ತಿದ್ದುವ ಕೆಲಸ ಮಾತ್ರ ತಪ್ಪುವುದಿಲ್ಲ. ಪೇಜ್‌ಮೇಕರ್‌ನಲ್ಲೇ ಪುಟ ಕಟ್ಟುವ ಡಿಟಿಪಿಯವರಿಗೆ ಲಿನಕ್ಸ್‌ಗೆ ಬನ್ನಿ ಎಂದು ನಾನು ಒತ್ತಾಯ ಮಾಡಲಾರೆ. ಅವರು ಇಂಟರ್‌ನೆಟ್ ಸಂಪರ್ಕ ಕಿತ್ತು, ಆ ಯಂತ್ರವನ್ನು ಪುಟ ಕಟ್ಟುವುದಕ್ಕಷ್ಟೇ ಉಳಿಸಿಕೊಂಡರೂ ಆದೀತು. ಆದರೆ ಆ ಕಡತಗಳನ್ನು ಯೂನಿಕೋಡ್‌ಗೆ ತರುವ ಕೆಲಸ ಎಂದಾದರೂ ಆಗಲೇಬೇಕಾದದ್ದು, ಹೊಸ ಯಂತ್ರ ಕೊಂಡರೂ ಅದು ತಪ್ಪದು.

ರಿಪೇರಿಯ ಕೂಲಿ, ಬಿಡಿಭಾಗದ ಹುಡುಕಾಟ, ಓಡಾಟದ ಹೊತ್ತು ಎಲ್ಲ ಸೇರಿದರೆ ಲಾಭವೇನು ಬಂತು ಎನ್ನುವವರಿದ್ದಾರೆ. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆ ಹತ್ತಿರವಿದ್ದವರಿಗೆ ಈ ಮಾತು ಅಷ್ಟು ಅನ್ವಯಿಸದು. ಅಲ್ಲಿ ಹಳೆಯ ಮಾದರಿಯ ಫ್ಯಾನು, ಕೀಬೋರ್ಡು, ಹಿಂಜು ಹುಡುಕಿದರೆ ಸಿಗುತ್ತವೆ. ಸಣ್ಣ ಊರುಗಳಲ್ಲಿ ಕಷ್ಟವೇ. ತೆಳ್ಳಗಾಗುವ ಹಟದಲ್ಲಿ ರ್‍ಯಾಮನ್ನೂ ಸ್ಟೋರೇಜನ್ನೂ ಮದರ್‌ಬೋರ್ಡಿಗೇ ಬೆಸೆದಿರುವ ಈಚಿನ ಕೆಲವು ಮಾದರಿಗಳಿಗಂತೂ ನಾನು ಹೇಳಿದ ಅರ್ಧ ಉಪಾಯ ನಡೆಯುವುದಿಲ್ಲ. ಹಾಗಾಗಿಯೇ ಹೊಸದನ್ನು ಕೊಳ್ಳಲೇಬೇಕಾದವರು ಅಂಗಡಿಯಲ್ಲಿ ಪರದೆಯ ಹೊಳಪನ್ನು ನೋಡುವ ಮೊದಲು ತಳದ ಸ್ಕ್ರೂಗಳ ಬಗ್ಗೆ ಕೇಳಬೇಕು: ಬಿಚ್ಚಬಹುದೇ, ರ್‍ಯಾಮ್ ಏರಿಸಬಹುದೇ, ಬ್ಯಾಟರಿ ಬೇರೆಯಾಗಿ ಸಿಗುತ್ತದೆಯೇ?

ಬ್ಯಾಟರಿಯ ವಿಚಾರದಲ್ಲಿ ಮಾತ್ರ ಬೇಸಿಗೆಯನ್ನು ದೂರುವವರ ಪರವಾಗಿ ನಾನೂ ನಿಲ್ಲುತ್ತೇನೆ. ಲಿಥಿಯಂ ಅಯಾನ್ ಬ್ಯಾಟರಿ ಬಿಸಿಯಲ್ಲಿ ನಿಜವಾಗಿಯೂ ಸವೆಯುತ್ತದೆ, ಪೂರ್ತಿ ಚಾರ್ಜಾಗಿ ಬಿಸಿಯಲ್ಲಿದ್ದರೆ ಇನ್ನೂ ಬೇಗ. ಮನೆಯಲ್ಲಿ ಬಹಳ ಹೊತ್ತು ಚಾರ್ಜರಿಗೆ ಸಿಕ್ಕಿಸಿಯೇ ಕೆಲಸ ಮಾಡುವವರು ಚಾರ್ಜನ್ನು ಶೇಕಡಾ 80ಕ್ಕೆ ನಿಲ್ಲಿಸುವ ಸೌಲಭ್ಯ ತಮ್ಮ ಲ್ಯಾಪ್‌ಟಾಪಿನಲ್ಲಿ ಇದೆಯೇ ಎಂದು ಹುಡುಕಿ, ಇದ್ದರೆ ಇವತ್ತೇ ಹಾಕಿಕೊಳ್ಳಬೇಕು. ಹಾಸಿಗೆಯ ಮೇಲೆ, ದಿಂಬಿನ ಮೇಲೆ ಇಟ್ಟು ಬಳಸುವುದನ್ನು ನಿಲ್ಲಿಸಬೇಕು. ಟಚ್‌ಪ್ಯಾಡ್ ಮೇಲಕ್ಕೆದ್ದಂತೆ ಕಂಡರೆ, ತಳ ಮೇಜಿನ ಮೇಲೆ ಸಮನಾಗಿ ಕೂರದಿದ್ದರೆ ಒಳಗೆ ಬ್ಯಾಟರಿ ಉಬ್ಬಿರಬಹುದು. ಅಂಥದನ್ನು ಒಂದು ದಿನವೂ ಚಾರ್ಜ್ ಮಾಡಬಾರದು, ಚುಚ್ಚಬಾರದು, ಒತ್ತಬಾರದು, ಮನೆಯ ಕಸದ ಗಾಡಿಗೆ ಹಾಕಬಾರದು. ಬಲ್ಲವರ ಕೈಯಲ್ಲಿ ತೆಗೆಸಿ ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿ, ಅದೇ ಮಾದರಿಯ ಹೊಸದನ್ನು ಹಾಕಿಸಿದರೆ ಲ್ಯಾಪ್‌ಟಾಪು ಇನ್ನೂ ಕೆಲವು ವರ್ಷ ನಡೆಯುತ್ತದೆ.